ಎಪ್ಪತ್ತು ‘ಹ್ವಾಯ್’ಗಳ ಪರೀಕ್ಷೆ

ವಯಸ್ಸಾಗುತ್ತ ಬಂದ ಹಾಗೆ ಮನುಷ್ಯ ಒಂದೊಂದೇ ಅಂಗದ ವಿಷಯದಲ್ಲಿ ಸೋಲೊಪ್ಪಿಕೊಳ್ಳುತ್ತಾನೆ. ಮೊದಲು ಕೂದಲು. ಅದು ಹೋದದ್ದನ್ನು ಮುಚ್ಚಿಡೋಣವೆಂದರೆ ಮುಚ್ಚಲಿಕ್ಕೂ ಕೂದಲೇ ಬೇಕು. ಆಮೇಲೆ ಕಣ್ಣು, ಪೇಪರನ್ನು ದೂರ ಹಿಡಿದು ಓದುತ್ತ ಓದುತ್ತ ಒಂದು ದಿನ ಕೈಯ ಉದ್ದ ಸಾಲದಾಗುತ್ತದೆ. ಆಮೇಲೆ ಹಲ್ಲು, ಮೊಣಕಾಲು. ಕಿವಿಯನ್ನು ಮಾತ್ರ ಯಾವ ಗಂಡಸೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕನ್ನಡಕ ಹಾಕಿಕೊಂಡವನಿಗೆ ನಾಲ್ಕಕ್ಷರ ಕಲಿತವನೆಂಬ ಮರ್ಯಾದೆಯಾದರೂ ಸಿಗುತ್ತದೆ. ಕಿವಿಗೆ ಮೆಷಿನ್ ಹಾಕಿಕೊಂಡವನ ಎದುರು ಜನ ಜೋರಾಗಿ ಮಾತಾಡಿ ಮೆಲ್ಲಗೆ ನಗುತ್ತಾರೆ. ಹಾಗಾಗಿ ನಾನೂ ಬಿಟ್ಟುಕೊಟ್ಟಿರಲಿಲ್ಲ. ನನ್ನ ಕಿವಿಯ ಪರವಾಗಿ ನಾನು ಎಷ್ಟು ದಿನ ವಾದಿಸಿದೆ, ಕೊನೆಗೆ ಹೇಗೆ ನಾನೇ ಅದರ ವಿರುದ್ಧ ಸಾಕ್ಷಿ ಹೇಳಿದೆ ಎಂಬುದನ್ನು ಇಲ್ಲಿ ಹೇಳಿಕೊಳ್ಳುತ್ತೇನೆ. ನನ್ನ ಮಗಳು ಎಂ.ಎಸ್ಸಿ.ಗೆ ಸ್ಟಾಟಿಸ್ಟಿಕ್ಸ್ ಬಿಟ್ಟು ಬೇರೆ ಏನನ್ನಾದರೂ ಓದಿದ್ದರೆ ಇದು ಯಾವುದೂ ನಡೆಯುತ್ತಿರಲಿಲ್ಲ.

ನಾನು ಉಡುಪಿ ಕಡೆಯವನು. ಮೂವತ್ತೈದು ವರ್ಷದಿಂದ ಮುಂಬಯಿಯ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ, ಅಂದರೆ ಬಾಗಿಲ ಬಳಿಯ ಕೌಂಟರಿನಲ್ಲಿ, ಕೂತಿದ್ದೇನೆ. ಅಲ್ಲಿ ಕೂತವನಿಗೆ ಕಿವಿಯೇ ಬಂಡವಾಳ. ಹಿಂದೆ ಪಾತ್ರೆ ತೊಳೆಯುವ ಸದ್ದು, ಎದುರು ರಸ್ತೆಯ ಹಾರ್ನು, ನಡುವೆ ಇಪ್ಪತ್ತು ಟೇಬಲ್ಲಿನ ಮಾತು. ಇಷ್ಟರ ಮಧ್ಯೆ ಮೂಲೆಯ ಗಿರಾಕಿ ಲೋಟವನ್ನು ಮೇಜಿಗೆ ಒಮ್ಮೆ ಕುಟ್ಟಿದರೆ ಸಾಕು, ಅವನಿಗೆ ಸಾಂಬಾರು ಬೇಕಾಗಿದೆ ಎಂದು ನನಗೆ ತಿಳಿಯುತ್ತದೆ. ಮನೆ ಮುಲುಂಡಿನಲ್ಲಿ. ಅರವತ್ತು ದಾಟಿದ ಮೇಲೆ ಮಾಲೀಕರು ದಯೆ ತೋರಿ ಮಧ್ಯಾಹ್ನದ ಮೇಲಿನ ಡ್ಯೂಟಿ ಮಾತ್ರ ಕೊಟ್ಟಿದ್ದಾರೆ. ಹನ್ನೆರಡರ ಸ್ಲೋ ಲೋಕಲ್ ಹಿಡಿದು, ದಾದರಿನಲ್ಲಿ ಬ್ರಿಜ್ ದಾಟಿ ವೆಸ್ಟರ್ನ್ ಲೈನಿಗೆ ಬದಲಾಯಿಸುತ್ತೇನೆ. ಅಲ್ಲಿಯವರೆಗೆ ಬೆಳಗಿನ ಹೊತ್ತೆಲ್ಲ ಹಾಲ್‌ನ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು, ಪೇಪರಿನ ಹಿಂದೆ ಇರುತ್ತೇನೆ. ಮೂವತ್ತು ವರ್ಷ ಆ ಹೊತ್ತಿನಲ್ಲಿ ಮನೆಯಲ್ಲಿ ಇರದಿದ್ದ ಮನುಷ್ಯ ಈಗ ಇದ್ದಾನೆಂಬುದು ನನ್ನ ಹೆಂಡತಿ ಗಿರಿಜೆಗೆ ಮೊದಮೊದಲು ಸಂತೋಷವನ್ನೇ ಕೊಟ್ಟಿತ್ತು.

ಗಿರಿಜೆ ಕುಂದಾಪುರದ ಕಡೆಯವಳು. ನನ್ನದು ತುಳು, ಅವಳದು ಕುಂದಾಪುರದ ಕನ್ನಡ. ಮದುವೆಯಾದ ಹೊಸತರಲ್ಲಿ ಎರಡು ಭಾಷೆಗೂ ಸ್ವಲ್ಪ ದಿನ ತಿಕ್ಕಾಟ ನಡೆದು, ಲೋಕರೂಢಿಯಂತೆ ಹೆಂಡತಿಯ ಭಾಷೆ ಗೆದ್ದಿತು. ಗಂಡನ ಹೆಸರು ಹಿಡಿದು ಕರೆಯುವ ಪದ್ಧತಿ ಅವಳ ತವರಿನಲ್ಲಿ ಇಲ್ಲ. ‘ರೀ’ ಎನ್ನುವುದು ಘಟ್ಟದ ಮೇಲಿನವರ ಮಾತು. ಅವಳು ಕರೆಯುವುದು ‘ಹ್ವಾಯ್’ ಎಂದು. ಕುಂದಾಪುರದವರ ‘ಹ್ವಾಯ್’ ಕೇಳದವರಿಗೆ ಅದನ್ನು ಬರೆದು ತೋರಿಸುವುದು ಕಷ್ಟ. ಅರ್ಧ ಉಸಿರು, ಅರ್ಧ ಮಾತು. ಗದ್ದೆಯ ಆಚೆ ಬದಿಯಲ್ಲಿರುವವನಿಗೂ ಮುಟ್ಟುತ್ತದೆ, ಪಕ್ಕದಲ್ಲಿ ಕೂತವನಿಗೂ ಮುಟ್ಟುತ್ತದೆ. ಹಾಲ್‌ನಲ್ಲಿ ಕೂತ ನನಗೆ ಮಾತ್ರ ಮುಟ್ಟುವುದಿಲ್ಲ ಎಂಬುದು ಅವಳ ದೂರು.

ದೂರು ಬಹಳ ಕಾಲದ್ದು. ಅದು ಮೊಕದ್ದಮೆಯಾದದ್ದು ಒಂದು ಭಾನುವಾರ ಬೆಳಿಗ್ಗೆ. ಅಡಿಗೆಮನೆಯ ಲಾಫ್ಟಿನಿಂದ ದೊಡ್ಡ ಇಡ್ಲಿ ಪಾತ್ರೆ ಇಳಿಸಲು ಅವಳು ಸ್ಟೂಲ್ ಹತ್ತಿದ್ದಳು. ಪಾತ್ರೆ ಕೈಗೆ ಬಂತು, ಸ್ಟೂಲ್ ಅಲ್ಲಾಡಿತು. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದು ಕೈಯಲ್ಲಿ ಲಾಫ್ಟಿನ ಅಂಚು ಹಿಡಿದುಕೊಂಡು ಮೂರು ಸಲ ‘ಹ್ವಾಯ್’ ಎಂದಳಂತೆ. ನಾನು ಪಕ್ಕದ ಹಾಲ್‌ನಲ್ಲಿ ನಿಶ್ಚಿಂತೆಯಿಂದ ಕ್ರಿಕೆಟ್ ಸುದ್ದಿ ಓದುತ್ತಿದ್ದೆ. ಕೊನೆಗೆ ಅವಳೇ ಹೇಗೋ ಇಳಿದು, ಪಾತ್ರೆ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನ್ನೆದುರು ಬಂದು ನಿಂತಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

“ಒಂದ್ ಕೇಣ್ತೆ, ಸಮಾ ಹೇಳಿ,” ಎಂದಳು. “ನಿಮ್ಗ್ ಕೆಮಿ ಕೇಣೂದಿಲ್ಯಾ, ಅಲ್ಲ ನನ್ ಮಾತ್ ಕೇಂಬುಕೆ ಮನಸ್ಸಿಲ್ಯಾ?”

ಕೆಮಿ ಎಂದರೆ ಅವರ ಕಡೆ ಕಿವಿ. ಈ ಪ್ರಶ್ನೆಗೆ ಗಂಡಸಿಗೆ ಲಾಭವಾಗುವ ಉತ್ತರವಿಲ್ಲ. ಕಿವಿ ಸರಿಯಿದೆ ಎಂದರೆ ಮನಸ್ಸು ಕೆಟ್ಟಿದೆ ಎಂದಾಯಿತು. ಮನಸ್ಸು ಸರಿಯಿದೆ ಎಂದರೆ ಕಿವಿ ಕೆಟ್ಟಿತು. ಬುದ್ಧಿಯಿದ್ದವನಾಗಿದ್ದರೆ ಕೂಡಲೇ ಕಿವಿಯನ್ನು ಬಲಿಕೊಟ್ಟು ಮನಸ್ಸನ್ನು ಉಳಿಸಿಕೊಳ್ಳುತ್ತಿದ್ದ. ನಾನು ಗಲ್ಲೆಯ ಮೇಲಿನ ಗರ್ವದಲ್ಲಿ ಎರಡೂ ಸರಿಯಿದೆ ಎಂದು ಸಾಧಿಸಲು ಹೊರಟೆ. ಟ್ರೇನಿನ ಸದ್ದು ಎಂದೆ. ನಮ್ಮ ಬಿಲ್ಡಿಂಗ್ ಹಳಿಯ ಪಕ್ಕದಲ್ಲೇ ಇದೆ, ಅದೇನೂ ಸುಳ್ಳಲ್ಲ. ಫ್ಯಾನ್ ಎಂದೆ. ಯಾವುದೂ ನಡೆಯದಾಗ ತೀರಿಹೋದ ಅಜ್ಜಿಯನ್ನು ಸಾಕ್ಷಿಗೆ ಕರೆದೆ. ಯಾರಾದರೂ ಹೆಸರು ಹಿಡಿಯದೆ ಕರೆದರೆ ಮೊದಲ ಕರೆಗೆ ಓಗೊಡಬಾರದು, ಪ್ರೇತಗಳು ಒಂದೇ ಸಲ ಕರೆಯುವುದು, ಎರಡನೆಯ ಸಲ ಕರೆದರೆ ಮನುಷ್ಯರೆಂದು ತಿಳಿ ಎಂದು ಅಜ್ಜಿ ಸಣ್ಣವನಿದ್ದಾಗ ಕಲಿಸಿದ್ದಳು. ಅದು ಮೈಗೆ ಹತ್ತಿಬಿಟ್ಟಿದೆ ಎಂದೆ.

“ನಾನ್ ಮೂರ್ ಸಲ ಕರ್ದೆ,” ಎಂದಳು ಗಿರಿಜೆ. “ಆಗ್ಳೂ ನಾನ್ ಮನ್ಷಿ ಅಂದೇಳಿ ಗೊತ್ತಾಯ್ಲಿಲ್ಯಾ?”

ಮಾತಿನಲ್ಲಿ ಗೆಲ್ಲಲಾಗದವನು ಪ್ರಯೋಗಕ್ಕೆ ಇಳಿಯುತ್ತಾನೆ. ಮರುದಿನ ನಾನೇ ಸವಾಲು ಹಾಕಿದೆ. ನೀನು ಅಡಿಗೆಮನೆಯಿಂದ ಹತ್ತು ಸಲ ಕರೆ, ಎಷ್ಟು ಕೇಳುತ್ತದೆ ನೋಡೋಣ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಫ್ಯಾನ್ ನಿಲ್ಲಿಸಿ, ಉಸಿರು ಹಿಡಿದು ಕೂತೆ. ಹತ್ತರಲ್ಲಿ ಎಂಟಕ್ಕೆ ‘ಆಂ’ ಎಂದೆ. ಎಂಟು ಎಂದರೆ ಫಸ್ಟ್ ಕ್ಲಾಸಿಗಿಂತ ಮೇಲೆ. ನಮ್ಮ ಮನೆತನದಲ್ಲಿ ಯಾವ ಪರೀಕ್ಷೆಯಲ್ಲೂ ಯಾರಿಗೂ ಅಷ್ಟು ಬಂದದ್ದಿಲ್ಲ. ಅವತ್ತು ನನಗೆ ರಜೆ. ಸಂಜೆ ಮಗಳು ಅಪರ್ಣಾ ಕಾಲೇಜಿನಿಂದ ಬಂದ ಕೂಡಲೇ, ಅವಳು ಬ್ಯಾಗ್ ಕೆಳಗಿಡುವ ಮೊದಲೇ, ನನ್ನ ಕಿವಿ ಪಾಸಾದ ಸುದ್ದಿ ಹೇಳಿದೆ. ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಮಾತಾಡುವಾಗ ಮಾತ್ರ ಅದು ದಾರಿಯಲ್ಲಿ ಹಿಂದಿಯವರನ್ನೂ ಇಂಗ್ಲಿಷಿನವರನ್ನೂ ಹತ್ತಿಸಿಕೊಂಡು ಬರುತ್ತದೆ.

“ಪಪ್ಪಾ, ಟೆನ್ ಟ್ರಯಲ್ಸ್‌ನಿಂದ ಕುಛ್ ಪ್ರೂವ್ ಆಗಲ್ಲ,” ಎಂದಳು. “ನಿಮ್ದು ಕಿವಿ ರಿಯಲಿ ಟೆನ್‌ನಲ್ಲಿ ಸಿಕ್ಸ್ ಮಾತ್ರ ಕೇಳ್ತದೆ ಅಂತ ಸಮಝೋ. ತೋ ಭೀ ಲಕ್ ಇದ್ರೆ ಏಯ್ಟ್ ಬರ್ತದೆ. ಆರು ಸಲ ಇದೇ ಟೆಸ್ಟ್ ಮಾಡಿದ್ರೆ ಒಂದು ಸಲ ಏಯ್ಟ್ ಅಥವಾ ಜ್ಯಾದಾ ಬಂದೇ ಬರ್ತದೆ.”

ಆರರಲ್ಲಿ ಒಂದು ಸಲ ಎಂದರೆ ದಾಳ ಎಸೆದು ಆರು ಬಿದ್ದ ಹಾಗೆ. ಲೂಡೋ ಆಡುವಾಗ ಎಷ್ಟು ಸಲ ಬಿದ್ದಿಲ್ಲ. ನನ್ನ ಫಸ್ಟ್ ಕ್ಲಾಸ್ ಅಲ್ಲೇ ಕೆಳಗಿಳಿಯಿತು. ಅದೂ ಅಲ್ಲದೆ ಪರೀಕ್ಷೆ ಎಂದು ಗೊತ್ತಿದ್ದು ಕಿವಿ ನಿಮಿರಿಸಿ ಕೂತವನ ಕಿವಿಗೂ, ಪೇಪರ್ ಓದುವವನ ಕಿವಿಗೂ ವ್ಯತ್ಯಾಸವಿದೆ ಎಂದು ಇನ್ನೊಂದು ಏಟು ಹಾಕಿದಳು.

ಆ ಸಂಜೆ ನನಗೆ ಪಾಠವಾಯಿತು. ಮಗಳು ಲ್ಯಾಪ್‌ಟಾಪ್ ತೆರೆದು ಹೇಳಿದ್ದರಲ್ಲಿ ನನಗೆ ಹತ್ತಿದ್ದು ಇಷ್ಟು. ಪ್ರತಿಯೊಂದು ಕರೆಗೂ ಎರಡೇ ಗತಿ: ಕೇಳಿತು, ಇಲ್ಲವೆ ಕೇಳಲಿಲ್ಲ. ನೂರು ಕರೆದರೆ ಎಷ್ಟು ಕೇಳುತ್ತದೆ ಎಂಬ ಒಂದು ನಿಜವಾದ ಸಂಖ್ಯೆ ನನ್ನ ಕಿವಿಯೊಳಗೆ ಎಲ್ಲೋ ಅಡಗಿದೆ. ಅದು ದೇವರಿಗೆ ಮಾತ್ರ ಗೊತ್ತು. ನಾವು ಒಂದಷ್ಟು ಸಲ ಕರೆದು ಅದನ್ನು ಅಂದಾಜು ಮಾಡುತ್ತೇವೆ, ಮಾಡುವಾಗ ಎರಡು ಬಗೆಯಲ್ಲಿ ತಪ್ಪಬಹುದು. ಕಿವಿ ಸರಿಯಿದ್ದೂ, ಗ್ರಹಚಾರ ಕೆಟ್ಟು ಹೆಚ್ಚು ಕರೆ ತಪ್ಪಿಹೋಗಿ, ನಿರಪರಾಧಿ ಕಿವಿಯನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋಗುವುದು ಒಂದು ತಪ್ಪು. ಕಿವಿ ನಿಜಕ್ಕೂ ಕೆಟ್ಟಿದ್ದು, ಅದೃಷ್ಟದಿಂದ ಪಾರಾಗುವುದು ಇನ್ನೊಂದು. ಮೊದಲನೆಯದಕ್ಕೆ ಎಲ್ಲರೂ ಹೆದರುತ್ತಾರೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅದು ನಡೆದ ಮೇಲೆ ಏನೂ ಆಗುವುದಿಲ್ಲ. ಮನುಷ್ಯ ಎಲ್ಲ ಸರಿಯಿದೆ ಎಂದುಕೊಂಡು ಪೇಪರಿಗೆ ಮರಳುತ್ತಾನೆ. ದೋಷ ನಿಜಕ್ಕೂ ಇದ್ದರೆ ಪರೀಕ್ಷೆ ಅದನ್ನು ಹಿಡಿಯುವ ಸಂಭವ ಎಷ್ಟು ಎಂಬುದಕ್ಕೆ ಇವರ ಶಾಸ್ತ್ರದಲ್ಲಿ ‘ಪವರ್’ ಎನ್ನುತ್ತಾರಂತೆ.

ನನಗೆ ತಿಳಿದಂತೆ ಹೇಳುವುದಾದರೆ, ಪವರ್ ಎಂದರೆ ಪರೀಕ್ಷೆಯ ಕಿವಿ. ನನ್ನ ಹತ್ತು ಕರೆಯ ಪರೀಕ್ಷೆಗೆ ಕಿವಿಯೇ ಮಂದ. ದೋಷ ಎದುರು ನಿಂತು ಕರೆದರೂ ಅದಕ್ಕೆ ತಿಳಿಯುವುದಿಲ್ಲ.

“ಎಕ್ಸಾಕ್ಟ್ಲಿ,” ಎಂದಳು ಮಗಳು. “ಟೆಸ್ಟಿಗೆ ಕೇಳಿಸ್ಲಿಲ್ಲ ಅಂದ್ರೆ ಯಾರೂ ಕರೀಲಿಲ್ಲ ಅಂತ ಅಲ್ಲ ನಾ?”

ಅವಳು ಹೇಳಿದ್ದು ಪರೀಕ್ಷೆಯ ವಿಷಯ. ಅಡಿಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ನಿಂತಿದ್ದ ಗಿರಿಜೆ ತಲೆಯೆತ್ತಿ ನನ್ನನ್ನೇ ನೋಡಿದಳು. ನಾನು ಲ್ಯಾಪ್‌ಟಾಪ್ ನೋಡಿದೆ.

ಹಾಗಾದರೆ ಎಷ್ಟು ಸಲ ಕರೆಯಬೇಕು? ಅದಕ್ಕೂ ಲೆಕ್ಕವಿದೆ. ಸರಿಯಾದ ಕಿವಿ ಹತ್ತಕ್ಕೆ ಒಂಬತ್ತು ಕೇಳುತ್ತದೆ ಎಂದು ಮಗಳು ಹಿಡಿದಳು. “ಅದ್ಯಾವ ಗಂಡ ಅಷ್ಟ್ ಕೇಣ್ತಾ?” ಎಂದು ಗಿರಿಜೆ ಆಕ್ಷೇಪಿಸಿದರೂ ಅದು ದಾಖಲಾಗಲಿಲ್ಲ. ನನ್ನದು ಏಳಕ್ಕೆ ಇಳಿದಿದ್ದರೆ ಅದನ್ನು ಹಿಡಿಯಲು ಇಪ್ಪತ್ತು ಚಿಲ್ಲರೆ ಕರೆ ಸಾಕು. ಎಂಟಕ್ಕೆ ಮಾತ್ರ ಇಳಿದಿದ್ದರೆ ಸುಮಾರು ಎಪ್ಪತ್ತು ಬೇಕು. ಎಂಟೂವರೆಯಾಗಿದ್ದರೆ ಇನ್ನೂರೈವತ್ತು. ವ್ಯತ್ಯಾಸ ಅರ್ಧವಾದರೆ ಕರೆ ನಾಲ್ಕು ಪಟ್ಟಾಗುತ್ತದೆ. ದೊಡ್ಡ ದೋಷ ಬೇಗ ಸಿಕ್ಕಿಬೀಳುತ್ತದೆ, ಸಣ್ಣ ದೋಷಕ್ಕೆ ತಾಳ್ಮೆ ಬೇಕು. ಸಂಸಾರದಲ್ಲೂ ಹಾಗೆಯೇ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

“ಇನ್ನೂರೈವತ್ ಸಲ ಹ್ವಾಯ್ ಅಂದ್ರೆ ಆಮೇಲ್ ನನ್ ಗಂಟ್ಲಿಗೇ ಡಾಕ್ಟ್ರ್ ಬೇಕಾತ್ತ್,” ಎಂದಳು ಗಿರಿಜೆ. ಎಪ್ಪತ್ತಕ್ಕೆ ರಾಜಿಯಾಯಿತು. ಎಪ್ಪತ್ತರಲ್ಲಿ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ತಪ್ಪಿದರೆ ನಾನು ತಕರಾರಿಲ್ಲದೆ ಕಿವಿಯ ಡಾಕ್ಟರ ಬಳಿ ಹೋಗಬೇಕು. ಹನ್ನೊಂದಕ್ಕೆ ನಿಂತರೆ ಇನ್ನು ಆ ಮಾತೇ ಎತ್ತಬಾರದು. ಹೀಗೆ ಮಾಡಿದರೆ ನಿರಪರಾಧಿ ಕಿವಿ ಸಿಕ್ಕಿಬೀಳುವುದು ಇಪ್ಪತ್ತಕ್ಕೆ ಒಂದು ಸಲಕ್ಕಿಂತ ಕಡಿಮೆ. ಹತ್ತಕ್ಕೆ ಎಂಟೇ ಕೇಳುವ ಅಪರಾಧಿ ಕಿವಿ ತಪ್ಪಿಸಿಕೊಳ್ಳುವುದು ಹೆಚ್ಚುಕಡಿಮೆ ಐದಕ್ಕೆ ಒಂದು ಸಲ. ಈ ಕೊನೆಯ ಸಂಖ್ಯೆಯನ್ನು ನಾನು ಸ್ವಲ್ಪ ಆಸೆಯಿಂದಲೇ ಕೇಳಿಸಿಕೊಂಡೆ.

ಮರುದಿನ ಹೋಟೆಲಿನಲ್ಲಿ ಇದನ್ನೆಲ್ಲ ರಸೂಲ್ ಭಾಯಿಗೆ ಹೇಳಿದೆ. ಅವರು ಗದಗದ ಕಡೆಯವರು, ನಮ್ಮ ಹೋಟೆಲಿನ ಪಕ್ಕದ ಸಂದಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಾರೆ, ನಾಲ್ಕು ಗಂಟೆಗೆ ಚಹಾ ಕುಡಿಯಲು ಬರುತ್ತಾರೆ. ಎಪ್ಪತ್ತು ಕರೆ ಎಂದರೆ ನಗುತ್ತಾರೆಂದುಕೊಂಡಿದ್ದೆ. ಅವರು ತಲೆದೂಗಿದರು.

“ಖರೆ ಹೇಳ್ಯಾಳ ನಿಮ್ಮ ಮಗಳು,” ಎಂದರು. “ಗಡಿಯಾರ ರಿಪೇರಿ ಮಾಡಿ ಎಂಟು ದಿನ ನನ್ನ ಕಡೇನ ಇಟ್ಕೊತೀನಿ ನೋಡ್ರಿ. ಗಿರಾಕಿ ಬೈತಾರ. ಆದ್ರ ಒಂದ ದಿನ ಬರೋಬ್ಬರಿ ನಡದ್ರ ಅದು ನಡದಂಗಲ್ಲ. ನಿಂತ ಗಡಿಯಾರ ಸೈತ ದಿನಕ್ಕ ಎರಡ ಸಲ ಖರೇ ಟೈಮ್ ತೋರಸ್ತದ.”

ನಿಮ್ಮ ಮನೆಯಲ್ಲಿ ಹೇಗೆ, ಕರೆದರೆ ಕೇಳುತ್ತದೆಯೆ ಎಂದು ಕೇಳಿದೆ.

“ನಮ್ಮ ಮನ್ಯಾಗ ಆಕಿ ಕರಿಯೂದು ಒಂದ ಸಲ ರೀ. ಎರಡನೇ ಸಲ ಕರಿಯಂಗಿಲ್ಲ, ತಾನ ಎದ್ದ ಬರತಾಳ,” ಎಂದು ಚಹಾ ಮುಗಿಸಿ ಬೇಗನೆ ಎದ್ದರು.

ಪರೀಕ್ಷೆಯ ಸಾಮಗ್ರಿಯನ್ನು ಗಿರಿಜೆಯೇ ಒದಗಿಸಿದಳು. ಮದುವೆಯಲ್ಲಿ ತವರಿನಿಂದ ತಂದ ಚೆನ್ನೆಮಣೆಯೊಂದು ಕಪಾಟಿನ ತಳದಲ್ಲಿತ್ತು. ಹದಿನಾಲ್ಕು ಗುಳಿಯ ಮರದ ಮಣೆ, ಜೊತೆಗೆ ಆಡಲು ಒಂದು ಚೀಲ ಮಂಜೊಟ್ಟಿ, ಅಂದರೆ ಕೆಂಪು ಕಾಳು. ಮುಂಬಯಿಗೆ ಬಂದ ಮೇಲೆ ಅದನ್ನು ಆಡಲಿಲ್ಲ. ಚೆನ್ನೆಗೆ ಎದುರು ಕೂರಲು ಇನ್ನೊಬ್ಬರು ಬೇಕು, ಆ ಇನ್ನೊಬ್ಬರು ಗ್ರಾಂಟ್ ರೋಡಿನಲ್ಲಿದ್ದರು. ಅವಳು ಚೀಲದಿಂದ ಎಪ್ಪತ್ತು ಕಾಳು ಎಣಿಸಿ ತೆಗೆದಳು. ಅಡಿಗೆಕಟ್ಟೆಯ ಮೇಲೆ ಎರಡು ಸ್ಟೀಲ್ ಡಬ್ಬಿ ಇಟ್ಟಳು. ಕರೆದದ್ದು ಕೇಳಿದರೆ ಒಂದು ಕಾಳು ಎಡಗಡೆಯ ಡಬ್ಬಿಗೆ, ಕೇಳದಿದ್ದರೆ ಬಲಗಡೆಯದಕ್ಕೆ. ಮಗಳ ನಿಯಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿದವು. ಒಂದು ‘ಹ್ವಾಯ್’ ಒಂದು ಕಾಳು. ಮೂರನೆಯ ಸಲಕ್ಕೆ ಓಗೊಟ್ಟರೆ ಎರಡು ತಪ್ಪು, ಒಂದು ಸರಿ. ಅಜ್ಜಿಯ ಶಾಸ್ತ್ರ ಇಲ್ಲಿ ನಡೆಯದು. ಟ್ರೇನ್ ಹೋಗುವಾಗ ಕರೆದದ್ದು ಲೆಕ್ಕಕ್ಕಿಲ್ಲ. ಕರೆಯುವ ಮುನ್ನ ಒಮ್ಮೆ ಬಾಗಿಲಿಗೆ ಬಂದು, ನಾನು ಕುರ್ಚಿಯಲ್ಲೇ ಇದ್ದೇನೆಂದು ನೋಡಿಕೊಂಡು ಕರೆಯಬೇಕು. ಮುಖ್ಯವಾಗಿ, ಪರೀಕ್ಷೆಗೆಂದು ಕರೆಯಬಾರದು, ದಿನನಿತ್ಯ ಕರೆಯುವಂತೆ ಸಹಜವಾಗಿ ಕರೆಯಬೇಕು. ದಿನಕ್ಕೆ ಹತ್ತು ಕರೆಯಂತೆ ಒಂದು ವಾರದಲ್ಲಿ ಮುಗಿಯುತ್ತದೆ ಎಂದು ಮಗಳು ಲೆಕ್ಕ ಹಾಕಿದಳು.

ಮೊದಲ ದಿನವೇ ನಾನು ಸಿಕ್ಕಿಬಿದ್ದೆ. ಪೇಪರ್ ಓದುತ್ತಿದ್ದಾಗ ಅಡಿಗೆಮನೆಯಿಂದ ‘ಟಣ್’ ಎಂದು ಕೇಳಿತು. ಕಾಳು ಡಬ್ಬಿಗೆ ಬಿದ್ದ ಸದ್ದು. ಓಹೋ, ಕರೆದಿದ್ದಾಳೆ ಎಂದು ಗಡಬಡಿಸಿ ‘ಆಂ, ಆಂ’ ಎಂದು ಕೂಗಿದೆ. ಗಿರಿಜೆ ಹೊರಗೆ ಬಂದಳು.

“ಕಾಳ್ ಬಿದ್ದದ್ ಕೇಣ್ತ್,” ಎಂದಳು ಮೆಲ್ಲಗೆ. “ನಾನ್ ಕರ್ದದ್ ಕೇಣ್ಲಿಲ್ಲ.”

ಹೋಟೆಲಿನ ಲೋಟ ಕೇಳುತ್ತದೆ, ಡಬ್ಬಿಯ ಕಾಳು ಕೇಳುತ್ತದೆ, ಹೆಂಡತಿ ಕೇಳುವುದಿಲ್ಲ ಎಂದಾದರೆ ಯಾವ ನ್ಯಾಯಾಧೀಶನಾದರೂ ಏನು ತೀರ್ಪು ಕೊಟ್ಟಾನು? ಮನಸ್ಸಿಲ್ಲ ಎಂದೇ ತಾನೆ? ಅವಳು ಡಬ್ಬಿಗಳ ತಳಕ್ಕೆ ಹಳೆಯ ಬಟ್ಟೆ ಹಾಸಿದಳು. ಆಮೇಲೆ ಸದ್ದು ಬರಲಿಲ್ಲ, ಆದರೆ ಆ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಮೊದಲ ಸಲ ನನಗೆ ಹೆದರಿಕೆಯಾಯಿತು, ಕಿವಿಯ ಬಗ್ಗೆ ಅಲ್ಲ.

ಎರಡು ದಿನ ಕಳೆದ ಮೇಲೆ ಮಗಳು ಡಬ್ಬಿಗಳನ್ನು ತೆರೆದು ನೋಡಿದಳು. ಎರಡರಲ್ಲೂ ಸೇರಿ ನಾಲ್ಕೇ ಕಾಳು.

“ಮಮ್ಮೀ, ಯೇ ಕ್ಯಾ ಹೈ? ಸಹಜವಾಗಿ ಕರೀರಿ ಅಂತ ಹೇಳಿದ್ದೆ ನಾ?”

“ಸಹಜವಾಯಿಯೇ ಕರ್ದದ್,” ಎಂದಳು ಗಿರಿಜೆ. “ದಿನಕ್ ಎರಡೇ.”

“ದಿನಕ್ಕೆ ಎರಡೇ ಸಲಾನಾ ನೀವು ಪಪ್ಪನ್ನ ಕರೆಯೋದು?”

ಗಿರಿಜೆ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಸರಿಮಾಡಿದಳು. “ಮೊದ್ಲ್ ಕರೀತಿದ್ದೆ. ಅಡ್ಗಿ ಆಯ್ತ್ ಅಂಬುಕೆ, ಹಕ್ಕಿ ಕೂತಿತ್ ಅಂಬುಕೆ, ಎಂಥದ್ದಕ್ಕೆಲ್ಲಾ ಕರೀತಿದ್ದೆ. ಕೇಣದಿದ್ದವ್ರನ್ನ ಎಷ್ಟ್ ಅಂದೇಳಿ ಕರೂದ್, ಮಗಾ? ಬಿಟ್ಬಿಟ್ಟೆ. ಈಗ ಬೇಕೇ ಬೇಕು ಅಂದ್ರೆ ಮಾತ್ರ.”

ಅದನ್ನು ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಹಾಲಿನವನು ಬರುವ ಹೊತ್ತು ಬದಲಾಯಿತು ಎಂದು ಹೇಳುವಂತೆ ಹೇಳಿದಳು. ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು ಎಂದು ಇಷ್ಟು ದಿನ ನಾನು ಮೇಲಿನ ಸಂಖ್ಯೆಯ ಬಗ್ಗೆಯೇ ಜಗಳವಾಡುತ್ತಿದ್ದೆ. ಕೆಳಗಿನ ಹತ್ತು ಯಾವಾಗಲೋ ಎರಡಕ್ಕೆ ಇಳಿದಿತ್ತು, ಅದು ನನಗೆ ಗೊತ್ತೇ ಆಗಿರಲಿಲ್ಲ. ಮನೆ ಈಚೆಗೆ ಎಷ್ಟು ಶಾಂತವಾಗಿದೆ ಎಂದು ರಸೂಲ್ ಭಾಯಿಯ ಎದುರು ಕೊಚ್ಚಿಕೊಂಡದ್ದು ನೆನಪಾಯಿತು. ನನಗೆ ಬಹಳ ಬೇಸರವಾಯಿತು, ನಾಚಿಕೆಯೂ ಆಯಿತು. ಅವತ್ತು ಹನ್ನೆರಡರ ಲೋಕಲ್ ತಪ್ಪಿಸಿಕೊಂಡೆ.

ಮಗಳು ಫ್ರಿಜ್ಜಿನ ಮೇಲಿನ ಕಾಗದದಲ್ಲಿ ‘ಒಂದು ವಾರ’ ಎಂಬುದನ್ನು ಹೊಡೆದು ‘ಎಷ್ಟು ದಿನವಾದರೂ ಸರಿ’ ಎಂದು ಬರೆದಳು. ಬರೆದದ್ದು ಇಂಗ್ಲಿಷಿನಲ್ಲಿ.

ಆಮೇಲಿನ ದಿನಗಳು ವಿಚಿತ್ರವಾಗಿದ್ದವು. ಮೊದಲು ಕೆಲವು ದಿನ ಗಿರಿಜೆ ಕರೆಯುವುದು, ನಾನು ‘ಆಂ’ ಎನ್ನುವುದು, ಅವಳು ‘ಎಂತ ಇಲ್ಲ, ಕಾಳಿಗೆ’ ಎನ್ನುವುದು ನಡೆಯಿತು. ಇದು ಸಹಜವಲ್ಲವೆಂದು ಮಗಳು ತಕರಾರು ತೆಗೆದಳು. ಕರೆದ ಮೇಲೆ ಏನಾದರೂ ಹೇಳಲೇಬೇಕು ಎಂದಾಯಿತು. ಆಗ ಗಿರಿಜೆ ಹೇಳುವುದಕ್ಕೆ ವಿಷಯ ಹುಡುಕತೊಡಗಿದಳು, ಹುಡುಕಿದರೆ ಬೇಕಾದಷ್ಟಿತ್ತು. ಕಿಟಕಿಯ ಗ್ರಿಲ್ಲಿನೊಳಗೆ ಪಾರಿವಾಳ ಎರಡು ಮೊಟ್ಟೆ ಇಟ್ಟಿದೆ. ಭಾಜಿಯವಳು ಇವತ್ತು ಕೆಂಪು ಹರಿವೆ ತಂದಿದ್ದಾಳೆ, ನಮ್ಮೂರಿನದರಂತೆಯೇ ಇದೆ, ಬಂದು ನೋಡಿ. ಒಂದು ದಿನ ‘ಹ್ವಾಯ್, ಆಕಾಶ ಕಾಣಿ’ ಎಂದು ಕರೆದಳು. ಹೋದೆ. ಎದುರಿಗೆ ಏಳುತ್ತಿರುವ ಟವರಿನ ಪಕ್ಕದಲ್ಲಿ ಎರಡು ಗೇಣಿನಷ್ಟು ಆಕಾಶ ಉಳಿದಿತ್ತು. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು. ಪಾರಿವಾಳದ ಮರಿಗಳು ಹೊರಬಂದ ದಿನ ಒಂದೇ ಬೆಳಿಗ್ಗೆ ಆರು ಕಾಳು ಬಿದ್ದವು. ಕಪಾಟಿನ ತಳದ ಚೆನ್ನೆಮಣೆ ಮೇಲೆ ಬಂತು. ಚೀಲದಲ್ಲಿ ಮಿಕ್ಕ ಕಾಳಿನಲ್ಲಿ ಅವಳು ನನಗೆ ಆಟ ಕಲಿಸಿದಳು. ಮೂರು ಆಟ ಆಡಿ ಮೂರರಲ್ಲೂ ಸೋತೆ. ಮೂರು ಆಟದಿಂದ ಏನೂ ಸಿದ್ಧವಾಗುವುದಿಲ್ಲ ಎಂದು ನಾನು ಶಾಸ್ತ್ರ ಹೇಳಿದ್ದಕ್ಕೆ, ಬೇಕಾದರೆ ಎಪ್ಪತ್ತು ಆಡುವ ಎಂದಳು.

ಹೀಗೆ ನಡೆಯುತ್ತ ಒಂದು ಬೆಳಿಗ್ಗೆ ಅಡಿಗೆಕಟ್ಟೆಯ ಮೇಲೆ ಒಂದೇ ಕಾಳು ಉಳಿಯಿತು. ಮಗಳು ಕಾಲೇಜಿಗೆ ಹೋಗುವ ಮುನ್ನ ಡಬ್ಬಿಗಳನ್ನು ಎಣಿಸಿ ಹೇಳಿದ್ದಳು. ಎಡಗಡೆ ಐವತ್ತೆಂಟು, ಬಲಗಡೆ ಹನ್ನೊಂದು. ಕೊನೆಯ ಕರೆಗೆ ಓಗೊಟ್ಟರೆ ನಾನು ಗೆದ್ದೆ; ಮೆಷಿನ್ ಇಲ್ಲ, ಡಾಕ್ಟರಿಲ್ಲ, ಆ ಮಾತು ಇನ್ನು ಮನೆಯಲ್ಲಿ ಏಳುವಂತಿಲ್ಲ. ಓಗೊಡದಿದ್ದರೆ ಹನ್ನೆರಡು.

ನಾನು ಕಾಲ ಮೇಲೆ ಕಾಲು ಹಾಕಿ ಪೇಪರ್ ಹಿಡಿದು ಕೂತೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ. ಗೆದ್ದರೆ ಏನಾಗುತ್ತದೆ ಎಂದು ಮೊದಲ ಸಲ ಯೋಚಿಸಿದೆ. ಗೆದ್ದರೆ ನನ್ನ ಕಿವಿ ಸರಿಯಿದೆ ಎಂದಾಗುತ್ತದೆ. ಹಾಗಾದರೆ ಅವಳು ಸ್ಟೂಲಿನ ಮೇಲೆ ನಿಂತು ಮೂರು ಸಲ ಕರೆದದ್ದು ಒಳ್ಳೆಯ ಕಿವಿಗೆ. ವರ್ಷಗಟ್ಟಲೆ ಕರೆದು ಕರೆದು ಬಿಟ್ಟದ್ದೂ ಒಳ್ಳೆಯ ಕಿವಿಯನ್ನೇ. ಎಪ್ಪತ್ತು ಕಾಳಿನ ಶಾಸ್ತ್ರ ಕಟ್ಟಿಕೊಂಡು ನಾನು ಹೆಂಡತಿಗೆ ಸಾಧಿಸಿ ತೋರಿಸುವುದು ಇದನ್ನೆಯೆ?

“ಹ್ವಾಯ್.”

ಕೇಳಿತು. ಟ್ರೇನಿರಲಿಲ್ಲ, ಫ್ಯಾನಿರಲಿಲ್ಲ. ಇಷ್ಟು ಸ್ಪಷ್ಟವಾದ ‘ಹ್ವಾಯ್’ ನಾನು ಮದುವೆಯ ವರ್ಷದಿಂದ ಕೇಳಿರಲಿಲ್ಲ. ಬಾಯಿಗೆ ಬಂದ ‘ಆಂ’ ಅನ್ನು ನುಂಗಿಕೊಂಡು, ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದೆ.

ಆಮೇಲೆ ಪೇಪರಿನ ಆಚೆಯಿಂದ, ಬಹಳ ಹತ್ತಿರದಲ್ಲಿ ಅವಳ ದನಿ ಬಂತು.

“ಕೇಣಿತ್ ಅಲ್ದಾ?”

ನಾನು ಪೇಪರ್ ಇಳಿಸಲಿಲ್ಲ.

“ನೀವ್ ಪೇಪರ್ ಓದ್ವತಿಗೆ ಕಾಲಿನ ಹೆಬ್ಬೆರಳ್ ಅಲ್ಲಾಡಿಸ್ತ್ರಿ,” ಎಂದಳು. “ಕೇಣ್ದ ಕೂಡ್ಲೇ ಅದ್ ನಿಲ್ತ್. ಮೊದ್ಲೆಲ್ಲ ನಾನ್ ಒಳಗಿಂದ್ಲೇ ಕರೀತಿದ್ದೆ, ಕಂಡಿರ್ಲಿಲ್ಲ. ಈ ಸಲ ಬಾಗ್ಲಲ್ ನಿಂತ್ ಕಂಡೆ. ಆ ಹನ್ನೊಂದ್ ಸಲವೂ ಬೆರಳ್ ಅಲ್ಲಾಡ್ತಾ ಇತ್ತ್. ಇದೊಂದ್ ಸಲ ನಿಂತಿತ್.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹನ್ನೊಂದು ಸಲವೂ ಬೆರಳು ಅಲ್ಲಾಡುತ್ತಲೇ ಇತ್ತು. ಅಂದರೆ ಹನ್ನೊಂದು ಸಲವೂ ನನಗೆ ನಿಜವಾಗಿ ಕೇಳಿರಲಿಲ್ಲ. ಅವಳಿಗೆ ಬೇಕಾಗಿದ್ದ ಉತ್ತರ ಡಬ್ಬಿಯಲ್ಲಿ ಇರಲಿಲ್ಲ, ನನ್ನ ಕಾಲಿನಲ್ಲಿತ್ತು. ಅದು ಅವಳಿಗೆ ಕೆಲವು ವಾರಗಳ ಹಿಂದೆಯೇ ಸಿಕ್ಕಿತ್ತು. ಆದರೂ ಒಂದು ಮಾತೂ ಆಡದೆ, ಪಾರಿವಾಳ ಆಕಾಶ ಎಂದು ಎಪ್ಪತ್ತರವರೆಗೂ ಕರೆದಿದ್ದಳು. ಪೇಪರ್ ಇಳಿಸಿದೆ. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಅಂಗೈಯಲ್ಲಿ ಕೊನೆಯ ಕಾಳಿತ್ತು.

“ಈಗ ಇದನ್ ಎಲ್ಲಿಗ್ ಹಾಕೂದ್?” ಎಂದು ಕೇಳಿದಳು. ನಾನು ಹೇಳುವುದನ್ನು ಕಾಯದೆ ಒಳಗೆ ಹೋಗಿ ಬಲಗಡೆಯ ಡಬ್ಬಿಗೆ ಹಾಕಿದಳು. ಮಗಳಿಗೆ ನಾವಿಬ್ಬರೂ ಇದುವರೆಗೆ ಹೇಳಿಲ್ಲ. ಅವಳ ಶಾಸ್ತ್ರದ ಪ್ರಕಾರ ಲೆಕ್ಕ ತಿದ್ದುವುದು ದೊಡ್ಡ ಅಪರಾಧವಂತೆ.

ಕಿವಿಯ ಡಾಕ್ಟರು ತಮ್ಮದೇ ಬೇರೆ ಪರೀಕ್ಷೆ ಮಾಡಿದರು. ಎಷ್ಟೋ ವರ್ಷ ಪಾತ್ರೆಗಳ ಸದ್ದಿನಲ್ಲಿ ಕೂತು ಕಿವಿ ದಣಿದಿದೆ, ಗಟ್ಟಿ ಸದ್ದು ಕೇಳುತ್ತದೆ, ಉಸಿರಿನಂಥ ಮೆದು ಸದ್ದು ಜಾರಿಹೋಗುತ್ತದೆ ಎಂದರು. ‘ಹ್ವಾಯ್’ ಎಂಬುದು ಅರ್ಧ ಉಸಿರು ಎಂದು ನಾನು ಮೊದಲೇ ಹೇಳಿದ್ದೇನೆ. ಈಗ ಕಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ ಮೆಷಿನ್ ಕೂತಿದೆ. ರಸೂಲ್ ಭಾಯಿ ಅದನ್ನು ತಮ್ಮ ಭೂತಗನ್ನಡಿಯಲ್ಲಿ ನೋಡಿ, ಒಳ್ಳೆಯ ಕುಸುರಿ ಕೆಲಸ ಎಂದು ಮೆಚ್ಚಿದರು.

ಮಗಳು ಅಷ್ಟಕ್ಕೇ ಬಿಡುವವಳಲ್ಲ. ಮೆಷಿನ್ ಬಂದ ಮೇಲೆ ಇನ್ನೊಂದು ಎಪ್ಪತ್ತು ಕಾಳಿನ ಪರೀಕ್ಷೆ ಇಟ್ಟಳು, ಮೊದಲಿಗಿಂತ ಈಗ ಎಷ್ಟು ಸುಧಾರಿಸಿದೆ ನೋಡಬೇಕಂತೆ. ಕಾಳು ಹಾಕುವವಳು ಗಿರಿಜೆಯೇ. ಫಲಿತಾಂಶ ಬಂದಾಗ ಮಗಳು ಲ್ಯಾಪ್‌ಟಾಪಿನ ಎದುರು ತಲೆಯ ಮೇಲೆ ಕೈಯಿಟ್ಟು ಕೂತಳು. ಬಲಗಡೆಯ ಡಬ್ಬಿಯಲ್ಲಿ ಮೊದಲಿಗಿಂತ ಹೆಚ್ಚು ಕಾಳುಗಳಿದ್ದವು. ಮೆಷಿನ್ ಡಿಫೆಕ್ಟಿವ್ ಇರಬೇಕು, ವಾಪಸು ಕೊಡೋಣ ಎಂದಳು. ಗಿರಿಜೆ ಬೆಳ್ಳುಳ್ಳಿ ಸುಲಿಯುತ್ತ ತಲೆ ತಗ್ಗಿಸಿಕೊಂಡಿದ್ದಳು.

ಮೆಷಿನಿನಲ್ಲಿ ಯಾವ ದೋಷವೂ ಇಲ್ಲ. ಮೊದಲ ‘ಹ್ವಾಯ್’ ನನಗೆ ಈಗ ಗಂಟೆ ಹೊಡೆದ ಹಾಗೆ ಕೇಳುತ್ತದೆ. ಆದರೆ ಮೊದಲನೆಯದಕ್ಕೇ ಓಗೊಟ್ಟುಬಿಟ್ಟರೆ ಅವಳು ಎರಡನೆಯ ಸಲ ಕರೆಯುವುದಿಲ್ಲ. ಆದ್ದರಿಂದ ಅಜ್ಜಿ ಹೇಳಿಕೊಟ್ಟಂತೆ ಎರಡನೆಯದಕ್ಕೆ ಕಾಯುತ್ತೇನೆ. ಕಾಯುವಾಗ ಹೆಬ್ಬೆರಳನ್ನು ಅಲ್ಲಾಡಿಸುತ್ತಲೇ ಇರಬೇಕು. ಅದೊಂದು ಮಾತ್ರ ಪ್ರತಿ ಸಲವೂ ಮರೆತುಹೋಗುತ್ತದೆ.